ಭಂಗೆಯ ಹೊಲದಿಂದ ಮನೆಯ ಕುಂಡದವರೆಗೆ

ಭಂಗೆ ಅಥವಾ ಗಾಂಜಾ ಗಿಡವು ಭರತಖಂಡಕ್ಕೆ ಹೊಸತಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮನನ್ನು ಅರಸನನ್ನಾಗಿ ಉಳ್ಳ ಐದು ಸಸ್ಯಕುಲಗಳನ್ನು ಎಣಿಸುವಾಗ ದರ್ಭೆ, ಯವೆಗಳೊಡನೆ ಭಂಗೆಯ ಹೆಸರೂ ಬಂದಿರುವುದು. ಎಳ್ಳು, ಉದ್ದು, ಅಗಸೆ ಬೆಳೆಯುವ ಹೊಲಗಳಿಗೆ ಹೆಸರು ಸಾಧಿಸುವ ಸೂತ್ರದಲ್ಲಿಯೇ ಪಾಣಿನಿಯು ಭಂಗೆಯನ್ನೂ ಸೇರಿಸಿ, ಅದರ ಹೊಲಕ್ಕೆ ಭಂಗ್ಯ, ಭಾಂಗೀನ ಎಂಬ ಎರಡು ರೂಪಗಳನ್ನು ವಿಧಿಸಿರುವನು. ಅಮರಸಿಂಹನೂ ಇದನ್ನು ಕೃಷಿಯ ಮಾತುಗಳು ಬರುವ ವೈಶ್ಯವರ್ಗದಲ್ಲಿಯೇ ಇಟ್ಟಿರುವನು. ಹೀಗೆ ನಮ್ಮ ಪೂರ್ವಿಕರ ಕಣ್ಣಿಗೆ ಇದು ಒಕ್ಕಲಿಗನ ಬೆಳೆಗಳಲ್ಲೊಂದಾಗಿದ್ದಿತು.

ಆಂಗ್ಲರ ಆಳಿಕೆಯಲ್ಲಿ ಈ ಸ್ಥಿತಿಯು ಬದಲಾಯಿತು. ಅಗಡಿ ಮೊದಲಾದ ಹಾವೇರಿ ಸೀಮೆಯ ಗ್ರಾಮಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. 1878ರ ಮುಂಬಯಿ ಅಬಕಾರಿ ಕಾಯಿದೆಯು ಮಾದಕ ಪದಾರ್ಥಗಳನ್ನು ಸರಕಾರದ ಅಂಕೆಗೆ ತಂದಿತು. 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಿತವಾದ ಗಾಂಜಾ ವಿಚಾರಣಾ ಮಂಡಲವು ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ಕೇಳಿತು. ಮಿತವಾದ ಸೇವನೆಯಿಂದ ವಿಶೇಷ ಹಾನಿಯಿಲ್ಲ, ಅತಿಸೇವನೆಯೇ ಕೇಡು. ಪೂರ್ಣನಿಷೇಧವು ಬೇಡ, ಆದರೆ ಪರವಾನಗಿಯಿಲ್ಲದೆ ಯಾರೂ ಬೆಳೆಯಕೂಡದು ಎಂಬುದು ಅದರ ಅಭಿಪ್ರಾಯವಾಗಿದ್ದಿತು.

ಮುಂದೆ 1961ರಲ್ಲಿ ರಾಷ್ಟ್ರಗಳೆಲ್ಲ ಕೂಡಿ ಮಾದಕದ್ರವ್ಯಗಳ ಒಪ್ಪಂದವನ್ನು ಮಾಡಿಕೊಂಡವು. ತರುವಾಯ 1985ರಲ್ಲಿ ನಮ್ಮ ಸಂಸತ್ತು ತನ್ನ ಕಾಯಿದೆಯನ್ನು ರಚಿಸಿತು. ಎಲೆ ಮತ್ತು ಬೀಜಗಳು ಹೂದೆನೆಯೊಡನೆ ಇರದಿದ್ದರೆ ಅದರ ಪ್ರಕಾರ ಗಾಂಜಾ ಎನಿಸವು. ಆದರೆ ಗಿಡವನ್ನು ಬೆಳೆಸುವುದು ಮಾತ್ರ ಅಪರಾಧವೇ. ಹತ್ತು ವರ್ಷಗಳವರೆಗಿನ ಕಠಿಣ ಸೆರೆಮನೆ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಇದಕ್ಕೆ ವಿಹಿತವಾಗಿವೆ.

ಈಚೆಗೆ ಮನೆಯ ಕುಂಡದಲ್ಲಿ ಬೆಳೆಸುವ 'ತಾನೇ ಹೂಬಿಡುವ' ತಳಿಯ ಮಾತು ಕೇಳಿಬರುತ್ತಿರುವುದು. ಸಾಮಾನ್ಯ ಭಂಗೆಯು ಹಗಲು ಕಿರಿದಾದಾಗ ಹೂಬಿಡುವುದು. ಫ್ರಾನ್ಸಿನ ತೂರ್ನ್ವಾ ಎಂಬ ವಿದ್ವಾಂಸನು 1912ರ ಸುಮಾರಿಗೆ ಪ್ರಯೋಗಗಳಿಂದ ಇದನ್ನು ತೋರಿಸಿದನು. ಆದರೆ ರಷ್ಯಾದ ಯಾನಿಶೆವ್ಸ್ಕಿಯು 1924ರಲ್ಲಿ ವರ್ಣಿಸಿದ ಕುಳ್ಳು ಕಾಡುಜಾತಿಯ ರೀತಿಯೇ ಬೇರೆ. ಬೇಸಗೆಯು ಅಲ್ಪವಾದ ಆ ಶೀತದೇಶದಲ್ಲಿ ಅದು ಹಗಲಿನ ಅಳತೆಯನ್ನು ಕಾಯದೆ, ತನ್ನ ವಯಸ್ಸು ತುಂಬಿದೊಡನೆ ಹೂಬಿಡುವುದು. ಈ ಜಾತಿಯ ಸಂಕರದಿಂದಲೇ ಹೊಸ ತಳಿಗಳು ಹುಟ್ಟಿರುವವು. ಇವುಗಳ ಟೊಂಗೆಯನ್ನು ನೆಟ್ಟು ಪ್ರಯೋಜನವಿಲ್ಲ. ಬೇರೊಡೆದರೂ ತಾಯಿಗಿಡದ ವಯಸ್ಸೇ ಅದರ ವಯಸ್ಸು. ಆದುದರಿಂದ ಇವುಗಳ ವಂಶವೃದ್ಧಿಯು ಬೀಜದಿಂದಲೇ ಆಗತಕ್ಕದ್ದು.

ಕೆನಡಾ ದೇಶವು 2018ರಲ್ಲಿ ಮನೆಗೆ ನಾಲ್ಕು ಗಿಡಗಳನ್ನೂ, ಜರ್ಮನಿಯು 2024ರಲ್ಲಿ ಪ್ರಾಪ್ತವಯಸ್ಕನೊಬ್ಬನಿಗೆ ಮೂರು ಗಿಡಗಳನ್ನೂ ಬೆಳೆಸಗೊಟ್ಟವು. ಪರದೇಶದಲ್ಲಿರುವ ಮಕ್ಕಳ ಬಾಯಿಂದ ಈ ವೃತ್ತಾಂತವನ್ನು ಕೇಳಿದ ಮನೆಗಳಲ್ಲಿ, ಇದು ಬೇರೆ ಜಾತಿಯ ಪುಟ್ಟ ಗಿಡ, ಕುಂಡದೊಳಗಿನ ಅಲಂಕಾರ, ಇದಕ್ಕೆ ತಡೆಯೇನು ಎಂಬ ಭ್ರಮೆ ಹುಟ್ಟುವುದು ಸಹಜ. ನಮ್ಮ ಕಾಯಿದೆಯ ಲಕ್ಷಣವಾಕ್ಯವು ಅದಕ್ಕೆ ಎಡೆಗೊಡದು. ಆ ಕುಲಕ್ಕೆ ಸೇರಿದ ಯಾವ ಗಿಡವಾದರೂ ಸರಿಯೇ ಎಂದು ಅದು ಹೇಳಿರುವುದು. ನಾರು, ಬೀಜ, ತೋಟಗಾರಿಕೆಗಳಿಗಾಗಿ ಸರಕಾರವು ಅನುಮತಿ ಕೊಡಬಹುದು. ಅನುಮತಿಯಿಲ್ಲದ ಬೆಳೆಯನ್ನು ಅರಿತ ಗ್ರಾಮಾಧಿಕಾರಿಯು ಒಡನೆ ಸುದ್ದಿ ಮುಟ್ಟಿಸತಕ್ಕದ್ದು.

ಪಾಣಿನಿಯ ಕಾಲದಲ್ಲಿ ಹೊಲದಷ್ಟಿದ್ದುದಕ್ಕೂ ಹೆಸರಿದ್ದಿತು. ಇಂದು ಹಿತ್ತಿಲಿನ ಒಂದೇ ಗಿಡಕ್ಕೂ ಶಿಕ್ಷೆಯಿರುವುದು. ಶಾಸ್ತ್ರದಲ್ಲಿ ಭಂಗೆಯ ಹೆಸರಿದೆಯೆಂಬುದು ನ್ಯಾಯಸ್ಥಾನದಲ್ಲಿ ಉತ್ತರವಾಗಲಾರದು. ಹಳೆಯ ಗ್ರಂಥವನ್ನು ಅರಿತವರು ಹೊಸ ಕಾಯಿದೆಯನ್ನೂ ಅರಿತು, ಕಿರಿಯರಿಗೆ ಎರಡನ್ನೂ ತಿಳಿಯಹೇಳುವುದು ಯುಕ್ತವು.