ಬೇಸ್ ಗಿಟಾರಿಗೆ ಹೋದ ಬೀಟೆ

ಮೊಸಳೆಯ ಅವಳಿ ಗುಡಿಗಳಲ್ಲಿ ಹೊಯ್ಸಳರ ಕುಸುರಿ ಕಲ್ಲಿನದು. ಮೈಸೂರಿನ ಕುಸುರಿ ಮರದ್ದು. ಆ ಮರ ಬೀಟೆ. ಹಾಸನ ದಾಟಿ ಸಕಲೇಶಪುರದ ಘಟ್ಟ ಸೇರಿದರೆ ಅದರ ಸೀಮೆ. ಅಂಬಾವಿಲಾಸ ಅರಮನೆಯಲ್ಲಿ ಬೀಟೆಗೆ ದಂತ ಕೂರಿಸಿದ ಬಾಗಿಲು ಇಂದಿಗೂ ಇದೆ. ಈ ಕಸುಬು ತಲೆಮಾರುಗಳಿಂದ ಹೆಚ್ಚಾಗಿ ಮುಸ್ಲಿಂ ಮನೆತನಗಳ ಕೈಯಲ್ಲಿ ಬೆಳೆಯಿತು. ದಂತ ನಿಷೇಧವಾದಾಗ ಅವರು ಎದೆಗುಂದಲಿಲ್ಲ. ಹಲಸಿನ ಹಳದಿಯಂತಹ ಮರದ ಬಣ್ಣಗಳಿಂದಲೇ ಚಿತ್ರ ಬಿಡಿಸಿದರು.

ಅತ್ತ ಅಮೆರಿಕದಲ್ಲಿ ಲಿಯೋ ಫೆಂಡರ್ 1951ರಲ್ಲಿ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಮೊದಲು ಅದರ ಕತ್ತು ಪೂರ್ತಿ ಮೇಪಲ್ ಮರದ್ದು. 1959ರಿಂದ ಬೆರಳು ಒತ್ತುವ ಪಟ್ಟಿ ರೋಸ್‌ವುಡ್‌ನದಾಯಿತು. ದಪ್ಪ ಲೋಹದ ತಂತಿಯ ಉಜ್ಜಾಟ ತಾಳಲು ಗಟ್ಟಿಯಾದ, ಒಳಗೇ ಎಣ್ಣೆಯಂಶವಿರುವ ಮರ ಬೇಕು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದಾಗ ಗಿಟಾರ್ ತಯಾರಿಸುವ ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು, ಇತರರೂ ತಿರುಗಿದರು. ಹೇಳಿ ಮಾಡಿಸುವ ಬೇಸ್‌ಗಳಿಗೂ ಅದೇ ಬಂತು. ದೂರದೇಶದ ಅಪರೂಪದ ಮರವೆಂದು ಅವರು ಬಣ್ಣಿಸುವುದು ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ನಿಂತ ಮರವನ್ನು!

2017ರ ಜನವರಿಯಿಂದ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಮರ ಉಳಿಯಬೇಕು, ಅದಕ್ಕೆ ಆಕ್ಷೇಪವಿಲ್ಲ. ಆದರೆ 2019ರ ತಿದ್ದುಪಡಿ ಸಿದ್ಧ ವಾದ್ಯಗಳನ್ನು ತೂಕ ಕೇಳದೆ ಬಿಟ್ಟಿತು. ಇತರ ಸಿದ್ಧ ವಸ್ತುಗಳಿಗೆ 10 ಕಿಲೋ ಮರದ ಮಿತಿ ಇಟ್ಟಿತು. ಗಿಟಾರ್ ತಯಾರಕರಿಗೆ ಅಲ್ಲಿ ದನಿಯಿತ್ತು. ಕುಸುರಿ ಕೂರಿಸಿದ ಬೀಟೆಯ ಊಟದ ಮೇಜು 10 ಕಿಲೋದಲ್ಲಿ ಮುಗಿಯುವುದಿಲ್ಲ.