ಚಂದ್ರ ಅಡ್ಡ ಬಂದ ಆ ಕೆಲವೇ ನಿಮಿಷ

ಮಾನ್ವಿ ಕಡೆಯ ಚೀಕಲಪರ್ವಿ ಅಂದ್ರೆ ನಮಗೆಲ್ಲ ವಿಜಯದಾಸರ ಊರು, ತುಂಗಭದ್ರೆಯ ದಂಡೆ. ಇವತ್ತಿನ ಕತೆ ದಾಸರಿಗಿಂತ ಆರುನೂರು ವರ್ಷ ಹಿಂದೆ ಶುರುವಾಗುತ್ತೆ.

1054ರ ಜುಲೈ 4. ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ಆಳ್ತಿದ್ದ ಕಾಲ. ವೃಷಭ ರಾಶಿಯಲ್ಲಿ ಹೊಸ ಚುಕ್ಕಿಯೊಂದು ಬಂತು ಅಂತ ಚೀನಾದವರು ಬರೆದಿಟ್ಟರು. 23 ದಿನ ಹಗಲಲ್ಲೇ ಕಾಣುತ್ತಿತ್ತಂತೆ! ಅದು ಹುಟ್ಟಿದ ಚುಕ್ಕಿ ಅಲ್ಲ, ಸತ್ತ ಚುಕ್ಕಿ. ಅದರ ಚೂರುಗಳೇ ಇವತ್ತಿನ ಕ್ರ್ಯಾಬ್ ನೆಬ್ಯುಲಾ.

ಇಂಥ ಸ್ಫೋಟದ ಒಳಗೆ ನ್ಯೂಟ್ರಾನ್ ನಕ್ಷತ್ರ ಉಳಿಯಬಹುದು ಅಂತ 1934ರಲ್ಲೇ ಬಾಡೆ ಮತ್ತು ಜ್ವಿಕಿ ಹೇಳಿದ್ದರು. ಅಗಲ ಬರೀ 20 ಕಿಲೋಮೀಟರ್ ಆಸುಪಾಸು. ಅಂದ್ರೆ ರಾಯಚೂರಿಂದ ಹೊರಟರೆ ಮಾನ್ವಿ ಮುಟ್ಟೋಕೂ ಸಾಲದು. ಆದರೆ ನೋಡಿದವರು ಯಾರೂ ಇಲ್ಲ.

ಕ್ರ್ಯಾಬ್‌ನಿಂದ ಎಕ್ಸ್-ರೇ ಬರ್ತಿದೆ ಅಂತ 1963ರಲ್ಲಿ ಗೊತ್ತಾಯ್ತು. ಎಕ್ಸ್-ರೇ ನಮ್ಮ ಗಾಳಿ ದಾಟಲ್ಲ, ರಾಕೆಟ್ಟೇ ಬೇಕು. 1964ರ ಜುಲೈ 7ರಂದು ಚಂದ್ರ ಕ್ರ್ಯಾಬ್‌ಗೆ ಅಡ್ಡ ಬರೋದಿತ್ತು. ಅಮೆರಿಕದ ಹರ್ಬರ್ಟ್ ಫ್ರೀಡ್ಮನ್ ತಂಡ ಅದೇ ಹೊತ್ತಿಗೆ ರಾಕೆಟ್ ಹಾರಿಸಿತು. ಸಿಕ್ಕಿದ್ದು ಕೆಲವೇ ನಿಮಿಷ. ತಪ್ಪಿದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಲೆಕ್ಕ ಸರಳ ನೋಡ್ರಿ: ಎಕ್ಸ್-ರೇ ಪುಟ್ಟ ನಕ್ಷತ್ರದಿಂದ ಬರ್ತಿದ್ದರೆ ಸ್ವಿಚ್ ಆಫ್ ಮಾಡಿದಂಗೆ ಥಟ್ಟನೆ ನಿಲ್ಲಬೇಕು. ನಿಲ್ಲಲಿಲ್ಲ. ನಿಧಾನಕ್ಕೆ ಮಂಕಾಯ್ತು. ಸರಿ, ಇದು ನ್ಯೂಟ್ರಾನ್ ನಕ್ಷತ್ರ ಅಲ್ಲ, ಹರಡಿಕೊಂಡ ಮೋಡ ಅಂತಾಯ್ತು.

ಅಳತೆ ಸರಿಯಾಗಿಯೇ ಇತ್ತು. ಆದರೆ ನಕ್ಷತ್ರ ಅಲ್ಲೇ ಒಳಗಿತ್ತು! 1968ರಲ್ಲಿ ರೇಡಿಯೊದಲ್ಲಿ, ಮರುವರ್ಷ ಎಕ್ಸ್-ರೇಯಲ್ಲಿ ಅದರ ಮಿಡಿತ ಸಿಕ್ತು: ಸೆಕೆಂಡಿಗೆ ಸುಮಾರು 30 ಸಲ. ಬಿಕಾಂ ಓದಿದ ನನಗೆ ಇದು ದೊಡ್ಡ ಲೆಜರ್‌ನಲ್ಲಿ ಮುಚ್ಚಿಹೋದ ಸಣ್ಣ ಎಂಟ್ರಿ ಥರ ಕಾಣುತ್ತೆ. ಒಟ್ಟು ಮೊತ್ತ ನೋಡಿದರೆ ಸಿಗಲ್ಲ, ತಾರೀಖು ಹಿಡಿದು ಹುಡುಕಬೇಕು. ಮೋಡದ ಬೆಳಕು ಮಿಡಿಯಲ್ಲ, ನಕ್ಷತ್ರದ್ದು ಮಿಡಿಯುತ್ತೆ.

ಇನ್ನು ನಮ್ಮವರ ಸರದಿ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಇದೇ ಕ್ರ್ಯಾಬ್‌ನ ಎಕ್ಸ್-ರೇ ಧ್ರುವೀಕರಣ, ಅಂದ್ರೆ ಅಲೆಗಳು ಯಾವ ದಿಕ್ಕಿಗೆ ಅಲುಗುತ್ತವೆ ಅನ್ನೋದನ್ನ ಅಳೆಯಿತು. ಎರಡು ಮಿಡಿತಗಳ ನಡುವಿನ ಮಂಕು ಹೊತ್ತಲ್ಲೂ ಅದು ಬದಲಾಗ್ತಿತ್ತು, ಯಾರೂ ಎಣಿಸಿರಲಿಲ್ಲ. ಆಮೇಲೆ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹೋಯ್ತು. ಅದರ ಪೋಲಿಕ್ಸ್ ಉಪಕರಣ ತಯಾರಾಗಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅದು ಮೊದಮೊದಲು ಹಿಡಿದ ಮಿಡಿತವೂ ಕ್ರ್ಯಾಬ್‌ನದ್ದೇ.

ಮುಂದಿನ ಸಂಚಿಕೆಯಲ್ಲಿ ಕ್ಯಾಸಿಯೋಪಿಯಾ-ಎ. ಅದರ ನಡುವಿನ ಚುಕ್ಕಿಯನ್ನ 1999ರಲ್ಲಿ ಚಂದ್ರಾ ದೂರದರ್ಶಕ ಕಂಡುಹಿಡಿಯಿತು. ಅದು ಕ್ರ್ಯಾಬ್ ಥರ ಮಿಡಿಯೋದೇ ಇಲ್ಲ.