ಚೆಂಡು ತಿರುಗಿಸಿದ ಎಂಜಿನಿಯರ್ ಪ್ರಸನ್ನ

ಇತಿಹಾಸ ಅಂದ್ರೆ ನಮ್ಮ ಕಡೆ ಕುಂದುರ್ಪಿ ಬೆಟ್ಟದ ಕೋಟೆ, ಪಾಳೇಗಾರರು, ಪೆನುಕೊಂಡ, ವಿಜಯನಗರ ಅಂತಲೇ ಲೆಕ್ಕ. ಅವು ದೊಡ್ಡ ವಿಷಯಗಳೇ, ಇಲ್ಲ ಅನ್ನಲ್ಲ. ಆದರೆ ನಮ್ಮ ಕಾಲದಲ್ಲೇ ನಡೆದು, ನಾವು ಕಿವಿಯಾರೆ ಕೇಳಿದ್ದೂ ಇತಿಹಾಸವೇ. ನಾನು ಏಳನೇ ಕ್ಲಾಸಿನವರೆಗೆ ಓದಿದ ರೈತ, ಭಜನೆ ತತ್ವಪದ ಹಾಡುವವನು. ರಾಜರ ಕಥೆಯನ್ನ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಬರೀತಾರೆ. ನಾನು ಓದು ಮತ್ತು ಆಟ ಎರಡನ್ನೂ ದಡ ಮುಟ್ಟಿಸಿದ ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಅವರೇ ಎರಪಳ್ಳಿ ಪ್ರಸನ್ನ. ಈಗ ಅವರಿಗೆ ಎಂಬತ್ತು ದಾಟಿದೆ, ತಾತನ ವಯಸ್ಸು. ಇವತ್ತಿನ ಹುಡುಗರಿಗೆ ಕೊಹ್ಲಿ ಗೊತ್ತು, ಧೋನಿ ಗೊತ್ತು. ಪ್ರಸನ್ನ ಯಾರು ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ.

ಪ್ರಸನ್ನ ಹುಟ್ಟಿದ್ದು 1940ರ ಮೇ 22ರಂದು, ಬೆಂಗಳೂರಿನಲ್ಲಿ. ಓದಿದ್ದು ಎಂಜಿನಿಯರಿಂಗು, ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ. ಓದ್ತಾ ಇರುವಾಗಲೇ ಇಂಡಿಯಾ ಟೀಮಿಗೆ ಕರೆ ಬಂತು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟ್ ಆಡಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅದರ ಹಿಂದೆಯೇ ವೆಸ್ಟ್ ಇಂಡೀಸಿಗೆ ಹೋಗುವ ಟೀಮಿನಲ್ಲೂ ಹೆಸರು ಬಂತು.

ಇಲ್ಲೇ ಗಂಟು ಬಿತ್ತು. ಮನೇಲಿ ತಂದೆ ಒಪ್ಪಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಸಮುದ್ರದಾಚೆ ಆಡಕ್ಕೆ ಹೋಗೋದು ಅಂದ್ರೆ ಯಾವ ತಂದೆ ತಾನೆ ಒಪ್ತಾನೆ? ಆಗ ಆಟದಿಂದ ಹೊಟ್ಟೆ ತುಂಬ್ತಿರಲಿಲ್ಲ. ದೊಡ್ಡ ದೊಡ್ಡ ಆಟಗಾರರೂ ಬ್ಯಾಂಕಿನಲ್ಲೋ ಕಂಪನಿಯಲ್ಲೋ ಒಂದು ಕೆಲಸ ಇಟ್ಟುಕೊಂಡೇ ಆಡಬೇಕಿತ್ತು. ಆ ತಂದೆಯ ಭಯ ಸುಳ್ಳು ಭಯ ಅಲ್ಲ.

ಆಗ ಕ್ರಿಕೆಟ್ ಬೋರ್ಡಿನ ಕಾರ್ಯದರ್ಶಿಯಾಗಿದ್ದವರು ನಮ್ಮ ಎಂ. ಚಿನ್ನಸ್ವಾಮಿಯವರು, ಇವತ್ತು ಬೆಂಗಳೂರಿನ ಸ್ಟೇಡಿಯಂಗೆ ಇರೋದು ಅವರದೇ ಹೆಸರು. ಅವರು ಈ ಮಾತನ್ನ ಮೈಸೂರು ಮಹಾರಾಜರವರೆಗೂ ಒಯ್ದರು, ಮಹಾರಾಜರ ಕಡೆಯಿಂದ ತಂದೆಗೆ ಹೇಳಿಸಿದರು ಅಂತ ಹೇಳ್ತಾರೆ. ಕಡೆಗೆ ತಂದೆ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ವಾಪಸ್ ಬಂದ ಮೇಲೆ ಎಂಜಿನಿಯರಿಂಗ್ ಮುಗಿಸಲೇಬೇಕು.

ವೆಸ್ಟ್ ಇಂಡೀಸಿನಲ್ಲಿ ಇಂಡಿಯಾ ಆಡಿದ ಐದು ಟೆಸ್ಟನ್ನೂ ಸೋತಿತು. ಪ್ರಸನ್ನ ಆಡಿದ್ದು ಒಂದೇ ಒಂದು. ವಾಪಸ್ ಬಂದವರು ಕೊಟ್ಟ ಮಾತಿನಂತೆ ಪುಸ್ತಕ ಹಿಡಿದರು. ಆಮೇಲೆ ಐದು ವರ್ಷ ಅವರು ಇಂಡಿಯಾ ಟೀಮಿನಲ್ಲಿ ಇಲ್ಲ. ಓದುವ ನೀವು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಪ್ಪತ್ತೊಂದರಿಂದ ಇಪ್ಪತ್ತಾರು ಅಂದ್ರೆ ಆಟಗಾರನಿಗೆ ಹಸಿ ಮಳೆಗಾಲ. ಬಿತ್ತನೆಯ ಹದ ತಪ್ಪಿದರೆ ಕಡ್ಲೆಕಾಯಿ ಏನಾಗುತ್ತೆ ಅಂತ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐದು ವರ್ಷ ಕಳೆದ ಮೇಲೆ ಟೀಮಿನವರು ನೆನಪಿಟ್ಟುಕೊಂಡು ಕರೀತಾರೆ ಅಂತ ಯಾವ ಗ್ಯಾರಂಟಿ ಇತ್ತು? ಯಾವುದೂ ಇರಲಿಲ್ಲ. ಆದರೂ ಡಿಗ್ರಿ ಮುಗಿಸಿದರು.

1967ರಲ್ಲಿ ಮತ್ತೆ ಟೆಸ್ಟಿಗೆ ಬಂದರು. ಆ ವರ್ಷದ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋದರು, ಅಲ್ಲಿಂದ ನ್ಯೂಜಿಲೆಂಡಿಗೆ. ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟಿನಲ್ಲಿ 25 ವಿಕೆಟ್, ನ್ಯೂಜಿಲೆಂಡಿನಲ್ಲಿ ನಾಲ್ಕು ಟೆಸ್ಟಿನಲ್ಲಿ 24. ನ್ಯೂಜಿಲೆಂಡಿನಲ್ಲಿ ಇಂಡಿಯಾ 3-1ರಲ್ಲಿ ಗೆದ್ದಿತು. ಹೊರದೇಶದಲ್ಲಿ ನಮ್ಮ ದೇಶ ಗೆದ್ದ ಮೊಟ್ಟಮೊದಲ ಟೆಸ್ಟ್ ಸರಣಿ ಅದು. ಮುಂದೆ ಇಪ್ಪತ್ತೇ ಟೆಸ್ಟಿನಲ್ಲಿ ನೂರು ವಿಕೆಟ್ ಮುಟ್ಟಿದರು. 1970ರಲ್ಲಿ ಪದ್ಮಶ್ರೀ ಬಂತು.

ಅವರ ಬೌಲಿಂಗಿನ ಗುಟ್ಟು ಏನು? ಪ್ರಸನ್ನ ಜೋರಾಗಿ ಎಸೆಯೋರಲ್ಲ. ಆಫ್ ಸ್ಪಿನ್, ಅಂದ್ರೆ ಬೆರಳಿನಿಂದ ತಿರುವಿ ಬಿಡೋದು. ಚೆಂಡು ಬ್ಯಾಟ್ಸ್‌ಮನ್ನಿನ ಕಣ್ಣಿಗಿಂತ ಮೇಲೆ ಏರುತ್ತೆ. ಹತ್ತಿರ ಬೀಳುತ್ತೆ, ಹೊಡೆದುಬಿಡೋಣ ಅಂತ ಅವನು ಮುಂದಕ್ಕೆ ಹೆಜ್ಜೆ ಇಡ್ತಾನೆ. ಆದರೆ ಚೆಂಡಿಗೆ ಕೊಟ್ಟ ಸುತ್ತು ಅದನ್ನ ಗಾಳಿಯಲ್ಲೇ ಕೆಳಕ್ಕೆ ಎಳೆದು, ಅವನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಹಿಂದೆ ಬೀಳಿಸುತ್ತೆ. ಮುಂದಿಟ್ಟ ಕಾಲು ಮುಂದೇ, ಅಷ್ಟರಲ್ಲಿ ವಿಕೆಟ್ ಹಿಂದೆ ಉರುಳಿರುತ್ತೆ. ನಾವು ಪದ ಹಾಡುವಾಗ ತಾಳ ಈಗ ಬೀಳುತ್ತೆ ಅಂತ ಕೇಳುವವರು ತಲೆ ಆಡಿಸೋ ಹೊತ್ತಿಗೆ ಒಂದು ಗುಕ್ಕು ತಡೆದು ಬೀಳಿಸ್ತೀವಲ್ಲ, ಹಾಗೆ. ನೋಡೋಕೆ ಸಲೀಸು, ಮಾಡೋಕೆ ಲೆಕ್ಕ ಬೇಕು. ಆಸ್ಟ್ರೇಲಿಯಾದ ಇಯಾನ್ ಚಾಪೆಲ್, ನಾನು ಎದುರಿಸಿದ ಸ್ಪಿನ್ನರುಗಳಲ್ಲಿ ಪ್ರಸನ್ನನೇ ಶ್ರೇಷ್ಠ ಅನ್ನೋ ಅರ್ಥದಲ್ಲಿ ಹೊಗಳಿದ್ದಾರೆ.

ಬೇಡಿ, ಚಂದ್ರಶೇಖರ್, ವೆಂಕಟರಾಘವನ್, ಪ್ರಸನ್ನ, ಈ ನಾಲ್ವರನ್ನೂ ಸೇರಿಸಿ ಸ್ಪಿನ್ ಚತುಷ್ಟಯ ಅಂತಿದ್ರು. ಅದರಲ್ಲಿ ಮದರಾಸಿನ ವೆಂಕಟರಾಘವನ್ ಕೂಡ ಎಂಜಿನಿಯರೇ. ನಾಲ್ವರಲ್ಲಿ ಇಬ್ಬರು ಎಂಜಿನಿಯರು! ಆಟ ಆಡಿದ್ರೆ ಓದು ಹತ್ತಲ್ಲ ಅನ್ನೋರು ಈ ಲೆಕ್ಕ ನೋಡಬೇಕು. ನಮ್ಮ ಕಡೆಯ ಕುಂಬ್ಳೆ, ಶ್ರೀನಾಥ್ ಕೂಡ ಆಮೇಲೆ ಇದೇ ದಾರಿಯಲ್ಲಿ ಎಂಜಿನಿಯರಿಂಗ್ ಓದಿಕೊಂಡೇ ಬಂದವರು.

ಇನ್ನು 1974ರ ಮಾತು. ಅದನ್ನ ನಾನು ರೇಡಿಯೋದಲ್ಲಿ ಕೇಳಿದವನು. ನಾವು ಇರೋದು ಆಂಧ್ರದಲ್ಲಿ, ಕಚೇರಿ ಕಾಗದ ತೆಲುಗಿನಲ್ಲಿ. ಮನೆ ಮಾತು, ಹಾಡು, ಜಗಳ ಎಲ್ಲ ಕನ್ನಡದಲ್ಲಿ. ರೇಡಿಯೋ ತಿರುಗಿಸಿದ್ರೆ ಬೆಂಗಳೂರೇ ಬೇಕು. ಹಿಂದಿನ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಹೆಸರಾಗಿತ್ತು. ರಣಜಿ ಟ್ರೋಫಿಯನ್ನ ಬೊಂಬಾಯಿಯವರು ಸತತ ಹದಿನೈದು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆ ಸಲ ಬೆಂಗಳೂರಿನಲ್ಲಿ ಸೆಮಿಫೈನಲ್, ಕರ್ನಾಟಕಕ್ಕೆ ಪ್ರಸನ್ನ ಕ್ಯಾಪ್ಟನ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಬೊಂಬಾಯಿಯ ಗವಾಸ್ಕರ್‌ನ ಪ್ರಸನ್ನ ಬೌಲ್ಡ್ ಮಾಡಿದರು. ಮೊದಲ ಇನ್ನಿಂಗ್ಸಿನ ಲೀಡಿನ ಮೇಲೆ ನಾವು ಗೆದ್ದೆವು. ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಕಪ್ ತಂದರು, ನಮ್ಮವರಿಗೆ ಅದೇ ಮೊದಲ ಕಪ್. ‘ನಾವು’ ಅಂತ ಬರೆದೆ ನೋಡಿ, ಗಡಿ ಆಚೆ ಕೂತುಕೊಂಡು! ಆವತ್ತು ನಮ್ಮೂರ ಕಟ್ಟೆ ಮೇಲೆ ರೇಡಿಯೋ ಸುತ್ತ ಕೂತಿದ್ದ ಯಾರಿಗೂ ಗಡಿ ನೆನಪಾಗಲಿಲ್ಲ. 1977-78ರಲ್ಲಿ ಪ್ರಸನ್ನ ಅವರ ಕೈಯಲ್ಲೇ ಕರ್ನಾಟಕ ಇನ್ನೊಂದು ಸಲ ಕಪ್ ಗೆದ್ದಿತು.

ನಡುವೆ 1976ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಒಂದೇ ಇನ್ನಿಂಗ್ಸಿನಲ್ಲಿ 76 ರನ್ನಿಗೆ 8 ವಿಕೆಟ್ ತೆಗೆದರು. ಅದೇ ಮ್ಯಾಚಿನ ಮೊದಲ ಇನ್ನಿಂಗ್ಸಿನಲ್ಲಿ ಚಂದ್ರಶೇಖರ್ 6 ವಿಕೆಟ್. ವಿಕೆಟ್ ಹಿಂದೆ ಕಿರ್ಮಾನಿ, ಅವರಿಗೆ ಅದೇ ಮೊದಲ ಟೆಸ್ಟ್. ಮೂವರೂ ಕನ್ನಡ ನಾಡಿನವರು.

ಎಲ್ಲಾ ಹಾಡಿಗೂ ಮಂಗಳ ಇದ್ದೇ ಇರುತ್ತೆ. 1978ರಲ್ಲಿ ಪಾಕಿಸ್ತಾನಕ್ಕೆ ಹೋದಾಗ ನಮ್ಮ ಸ್ಪಿನ್ನರುಗಳನ್ನ ಅಲ್ಲಿಯವರು ಚೆನ್ನಾಗಿ ದಂಡಿಸಿದರು. ಅಲ್ಲಿಗೆ ಪ್ರಸನ್ನರ ಟೆಸ್ಟ್ ಆಟ ಮುಗಿಯಿತು. ಒಟ್ಟು 49 ಟೆಸ್ಟ್, 189 ವಿಕೆಟ್. ಆ ಐದು ವರ್ಷ ಸಿಕ್ಕಿದ್ರೆ ಎಷ್ಟಾಗ್ತಿತ್ತೋ ಅಂತ ಜನ ಈಗಲೂ ಲೆಕ್ಕ ಹಾಕ್ತಾರೆ. ಆಮೇಲೆ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮವರು ವಿಶ್ವ ಚಾಂಪಿಯನ್‌ಶಿಪ್ ಗೆದ್ದಾಗ ಟೀಮಿನ ಮ್ಯಾನೇಜರ್ ಅವರೇ.

ಪ್ರಸನ್ನರ ಕಥೆಯನ್ನ ನಮ್ಮೂರಲ್ಲಿ ಇಬ್ಬರೂ ಅರ್ಧರ್ಧ ಹೇಳ್ತಾರೆ. ಅಪ್ಪಂದಿರು, ನೋಡೋ ಅವರು ಆಟ ಬಿಟ್ಟು ಓದಿದರು ಅಂತಾರೆ. ಹುಡುಗರು, ನೋಡಪ್ಪ ಅವರು ಆಡಿ ದೊಡ್ಡೋರಾದರು ಅಂತಾರೆ. ಎರಡೂ ನಿಜ. ಇಬ್ಬರೂ ಮರೆಯೋದು ನಡುವೆ ನಿಂತು ಮಾತಾಡಿದ ಚಿನ್ನಸ್ವಾಮಿಯವರನ್ನ. ಅವರು ತಂದೆಯ ಮಾತು ತೆಗೆದುಹಾಕಲಿಲ್ಲ, ಹುಡುಗನ ಆಸೆಯನ್ನೂ ಮುರೀಲಿಲ್ಲ. ಒಂದು ಕರಾರಿಗೆ ಇಬ್ಬರನ್ನೂ ತಂದರು. ಹುಡುಗ ಮಾತು ಉಳಿಸಿಕೊಂಡ.

ನಮ್ಮ ಸೀಮೇಲಿ ಮಳೆ ಕೈ ಕೊಟ್ಟ ವರ್ಷ ಹತ್ತನೇ ಕ್ಲಾಸಿನ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಸ್ ಹತ್ತುತ್ತಾನೆ. ಓದೂ ಹೋಯ್ತು, ಆಟವೂ ಹೋಯ್ತು. ಅಂಥ ಹುಡುಗನ ಮನೆಗೆ ಮಹಾರಾಜರಿಂದ ಹೇಳಿಕಳಿಸೋರು ಯಾರೂ ಇಲ್ಲ. ಮೇಷ್ಟ್ರೇ ಹೋಗಬೇಕು, ಊರ ಹಿರಿಯರೇ ಹೋಗಬೇಕು. ಚೆನ್ನಾಗಿ ಓಡುವ, ಚೆನ್ನಾಗಿ ಲೆಕ್ಕ ಮಾಡುವ ಒಂದು ಮಗು ನಿಮ್ಮ ಕಣ್ಣಿಗೆ ಬಿದ್ದರೆ, ಬಸ್ ಹೊರಡೋ ಮುಂಚೆ ಅವರ ಜಗಲಿ ಮೇಲೆ ಹೋಗಿ ಕೂತು ಒಂದು ಮಾತು ಆಡಿ ಬನ್ನಿ.